ಪೋರ್ಚಿನ ಕಂಬ ಕಿತ್ತವರು

“ಆಪಾ, ನನ್ನ ಯಜಮಾನ್ರು ಆ ಕೆಲಸ ಮಾಡಿಲ್ಲ. ಆದ್ರ ನಾನೇ ಮಾಡೇನಿ ಅಂತ ಪೊಲೀಸರ ಮುಂದ ಬರಸಿ ಕೊಟ್ಟಾರ!”

ಹೀಗೆಂದು ಆ ಹೆಂಗಸು ಬೆಂಚಿನ ಮೇಲೆ ಕುಸಿದು ಕೂತಾಗ ನರಸಿಂಗ ತನ್ನ ಅಂಗಡಿಯ ಪ್ರಿಂಟಿಂಗ್ ಮಷೀನಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ಸಿಕ್ಕಿಕೊಂಡ ಕಾಗದವನ್ನು ಎಳೆಯುತ್ತಿದ್ದ. ಬಸವಕಲ್ಯಾಣದಲ್ಲಿ ಏಳುವ ಮನೆ, ಮಳಿಗೆಗಳ ನಕ್ಷೆಗಳೆಲ್ಲ ಆ ಮಷೀನಿನಿಂದಲೇ ಹೊರಬರಬೇಕು. ಅದಕ್ಕೋ ದಿನಕ್ಕೊಂದು ಹಟ. ಬಾಯಿಗೆ ಬಂದಿದ್ದ ಬೈಗುಳವನ್ನು ಅರ್ಧಕ್ಕೇ ನುಂಗಿ ಅವನು ತಿರುಗಿ ನೋಡಿದ. ಬಂದವಳು ತನ್ನ ಗಿರಾಕಿಯಲ್ಲ, ಗಜಾಲಾ ಮೇಡಮ್ಮರ ಗಿರಾಕಿ ಎಂದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ.

ಗಜಾಲಾ ಮೇಡಂ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಕಟ್ಟಡದ ಕಾಮಗಾರಿಯಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದು ಯಾವುದಕ್ಕಾಗಿ ಕಾಯಬೇಕು ಎಂದು ವೃತ್ತ, ಬಾಣಗಳ ನೆಟ್‌ವರ್ಕ್ ನಕ್ಷೆ ಬರೆದು ತೋರಿಸುವುದೇ ಅವರ ವಿಷಯ. ನಿವೃತ್ತಿಯ ಮೇಲೆ ಅದೇ ವಿದ್ಯೆಯಿಂದ ಊರಿನ ಕಳವು, ಮೋಸಗಳ ಗಂಟು ಬಿಡಿಸತೊಡಗಿದ್ದರು. ಅದಕ್ಕೆ ಕಚೇರಿ ಎಂದರೆ ನರಸಿಂಗನ ಅಂಗಡಿಯ ಮೂಲೆಯ ಕುರ್ಚಿ. ಬಾಡಿಗೆಯಂತೂ ಇಲ್ಲ, ಚಹಾ ಕೂಡ ಅವನ ತಲೆಗೇ. ಅದನ್ನು ಅವನು ಬಂದವರೆದುರಿಗೆಲ್ಲ ಆಡಿಕೊಳ್ಳುತ್ತಿದ್ದ. ಆದರೆ ಮೇಡಂ ಕನ್ನಡಕ ಏರಿಸಿಕೊಂಡು ಎದ್ದರೆಂದರೆ ಶಟರ್ ಎಳೆದು ಹಿಂದೆ ಓಡುವವನೂ ಅವನೇ.

ಹೆಂಗಸಿನ ಹೆಸರು ಖುರ್ಷೀದ್ ಬೇಗಂ, ಹುಮನಾಬಾದಿನ ಮಾಣಿಕನಗರದವಳು. ಗಂಡ ಪೀರ್ ಪಾಷಾ ಸೆಂಟ್ರಿಂಗ್ ಮೇಸ್ತ್ರಿ. ಸ್ಲ್ಯಾಬ್ ಹಾಕುವಾಗ ಕೆಳಗೆ ಹಲಗೆ, ಕಂಬ ಕೊಟ್ಟು ನಿಲ್ಲಿಸುವುದು, ಸ್ಲ್ಯಾಬ್ ಬಲಿತ ಮೇಲೆ ಅವನ್ನು ಬಿಚ್ಚುವುದು ಅವನ ಕಸುಬು. ಆ ಕಂಬ, ಹಲಗೆ ಎಲ್ಲ ಅವನದೇ ಸ್ವಂತ ಸಾಮಾನು. ಹುಮನಾಬಾದಿನ ಅಂಚಿನಲ್ಲಿ ಏಳುತ್ತಿದ್ದ ಒಂದು ವಸತಿಗೃಹದ ಪೋರ್ಚು ಹಿಂದಿನ ದಿನ ಬೆಳಿಗ್ಗೆ ಕುಸಿದಿತ್ತು. ಕೆಳಗಿಟ್ಟ ಬುಟ್ಟಿ ಎತ್ತಿಕೊಳ್ಳಲು ಹೋದ ದುಬಲಗುಂಡಿಯ ದ್ರೌಪತಿ ಎಂಬ ಕೂಲಿ ಹೆಂಗಸು ಅಲ್ಲೇ ಸತ್ತಿದ್ದಳು. ನೋಡಿದರೆ ಪೋರ್ಚಿನ ಕೆಳಗೆ ಒಂದೂ ಕಂಬ ಇರಲಿಲ್ಲ.

“ಹಿಂದಿನ ದಿವಸ ಸಂತಿರಿ. ಮಧ್ಯಾಹ್ನಕ್ಕ ಎಲ್ಲಾ ಮಂದಿ ಹೋಗಿಬಿಟ್ಟಿದ್ರು” ಎಂದಳು ಖುರ್ಷೀದ್. “ಇವ್ರು ಇಲ್ಲೇ ಕಲ್ಯಾಣಕ್ಕ ಹೊಸಾ ಕೆಲಸ ನೋಡಾಕ ಬಂದು, ನನ್ನ ತವರಮನ್ಯಾಗ ಮಲಗಿದ್ರು. ಪೊಲೀಸರು ಕರದಾಗ ಏನಂದ್ರು ಗೊತ್ತದನ್ರಿ? ಪೋರ್ಚು ಇನ್ನಾ ಹಸಿ ಅದ, ಅದರ ಕಂಬ ಕೀಳಾಕ ನನಗೇನು ಹುಚ್ಚಾ ಅಂದ್ರು. ಸಂಜಿಗಿ ನೋಡಿದ್ರ, ನಾನೇ ಕಿತ್ತೇನಿ ಅಂದಾರ!”

“ನಡುವೆ ಅವರನ್ನ ಯಾರು ಭೇಟಿ ಆಗಿದ್ರು?” ಮೇಡಂ ಕೇಳಿದರು.

“ಗುತ್ತೇದಾರ ಬಸವಣಪ್ಪ ಸಾವ್ಕಾರ್ರು ಬಂದು ಜೋರು ಮಾಡಿ ಹೋದ್ರಂತ. ಎಂಜಿನಿಯರ್ ಸಂಘರತ್ನ ಸಾಹೇಬ್ರು ಬಂದಿದ್ರಂತ. ಮತ್ತ ಮನಿಯಿಂದ ಊಟದ ಡಬ್ಬಿ ಹೋಗಿತ್ತು. ಅಷ್ಟೇರಿ.” ಅವಳು ಮೇಡಮ್ಮರ ಕೈ ಹಿಡಿದುಕೊಂಡಳು. “ಮಗಳು ಖುಷ್ನುಮಾಳ ನಿಕಾಹ್ ಗೊತ್ತಾಗ್ಯದ. ವರನ ಕಡೆಯವರು ಇವತ್ತಲ್ಲ ನಾಳೆ ಬರೋರು. ಆದ್ರ ಅದೂ ಹೋಗಲಿ ಆಪಾ. ಆ ಮನುಷ್ಯಾ ಜೈಲಿನ್ಯಾಗ ಉಳಿಯೋದಿಲ್ಲ, ಸಾಯ್ತಾನ. ಖರೇ ಯಾರು ಕಿತ್ತಾರ, ಹುಡುಕಿ ಕೊಡ್ರಿ.”

ಮೇಡಂ ಕನ್ನಡಕ ಏರಿಸಿಕೊಂಡು ಎದ್ದರು. ನರಸಿಂಗ ಮಷೀನಿನ ಮುಚ್ಚಳ ಹಾಕಿ, ಶಟರ್ ಎಳೆದ. ಮೂವರೂ ಹುಮನಾಬಾದಿನ ಬಸ್ಸು ಹಿಡಿದರು. ಖುರ್ಷೀದಳನ್ನು ಮನೆಗೆ ಕಳಿಸಿ ಅವರಿಬ್ಬರು ಕಾಮಗಾರಿಯ ಜಾಗಕ್ಕೆ ಹೋದರು.

ಪೋರ್ಚು ಮುರಿದು ಮಕಾಡೆ ಬಿದ್ದಿತ್ತು. ಪೊಲೀಸರು ಸುತ್ತ ಹಗ್ಗ ಕಟ್ಟಿದ್ದರು. ಅದರ ಹಿಂದಿನ ದೊಡ್ಡ ಹಾಲಿನ ಸ್ಲ್ಯಾಬು ಮಾತ್ರ ಕಂಬಗಳ ಮೇಲೆ ಹಾಗೆಯೇ ನಿಂತಿತ್ತು. ಒಂದು ಕಂಬವೂ ಅಲುಗಿರಲಿಲ್ಲ. ದ್ರೌಪತಿಯ ಚಪ್ಪಲಿ ಇನ್ನೂ ಅಲ್ಲೇ ಬಿದ್ದಿದ್ದವು. ಯಾರಾದರೂ ಎತ್ತಿಡಬಾರದೇ ಎಂದು ನರಸಿಂಗನಿಗೆ ಸಿಟ್ಟು ಬಂತು, ಆದರೆ ಎತ್ತಲು ಅವನ ಕೈಯೂ ಮುಂದಾಗಲಿಲ್ಲ.

ಮೇಡಂ ಮೂಲೆಯಲ್ಲಿ ಕೂತು ಏನೋ ನೋಡುತ್ತಿದ್ದರು. ಪೋರ್ಚಿನಿಂದ ಬಿಚ್ಚಿದ ಹಲಗೆಗಳನ್ನು ಗೋಡೆಗೆ ಒತ್ತಿ, ಒಂದರ ಮೇಲೊಂದು ಅಚ್ಚುಕಟ್ಟಾಗಿ ಪೇರಿಸಿದ್ದರು. ಕಂಬದ ಬುಡಕ್ಕೆ ಬಡಿಯುವ ಮರದ ಬೆಣೆಗಳೆಲ್ಲ ಒಂದು ಗೋಣಿಚೀಲದಲ್ಲಿದ್ದವು. ಹಲಗೆಗಳಿಂದ ಕಿತ್ತ ಮೊಳೆಗಳನ್ನು ಬಡಿದು ನೆಟ್ಟಗೆ ಮಾಡಿ ಡಬ್ಬಿಯಲ್ಲಿಟ್ಟಿದ್ದರು. ಕಂಬಗಳು ಮಾತ್ರ ಎಲ್ಲೂ ಇರಲಿಲ್ಲ.

“ನರಸಿಂಗಣ್ಣಾ, ಕೇಡು ಮಾಡಾಕ ಬಂದವನು ಮೊಳಿ ನೆಟ್ಟಗ ಮಾಡ್ತಾನೇನು?”

“ಕಳ್ಳನೂ ಮಾಡೋದಿಲ್ರಿ. ಕಳ್ಳಗ ಅಷ್ಟು ಪುರಸೊತ್ತು ಎಲ್ಲಿದು?”

“ಹೂಂ” ಎಂದರು ಮೇಡಂ.

ತಗಡಿನ ಶೆಡ್ಡಿನಲ್ಲಿ ಸೈಟ್ ಆಫೀಸು. ಎಂಜಿನಿಯರ್ ಸಂಘರತ್ನ ಮೇಡಮ್ಮರನ್ನು ಕಂಡೊಡನೆ ಎದ್ದು ನಿಂತ. ಅವರ ಕೈಕೆಳಗೆ ಕಲಿತ ಹುಡುಗ. ನಿದ್ದೆಯಿಲ್ಲದೆ ಅವನ ಮುಖ ಸಪ್ಪಗಾಗಿತ್ತು. ಅವನ ಹಿಂದಿನ ಗೋಡೆಯ ಮೇಲೆ ಇಡೀ ಕಾಮಗಾರಿಯ ನೆಟ್‌ವರ್ಕ್ ನಕ್ಷೆ ಹರಡಿಕೊಂಡಿತ್ತು. ನರಸಿಂಗನೇ ಪ್ರಿಂಟ್ ಹಾಕಿಕೊಟ್ಟ ಹಾಳೆ ಅದು. ಆದರೂ ಅದರ ತಲೆಬುಡ ಅವನಿಗೆ ತಿಳಿದಿರಲಿಲ್ಲ.

“ಮನ್ಯಾಗ ರೊಟ್ಟಿ ಮಾಡೋದು ನೋಡೀರಿಲ್ಲ?” ಮೇಡಂ ಅವನಿಗೆ ಬಿಡಿಸಿ ಹೇಳಿದರು. “ಹಿಟ್ಟು ಸಾಣಿಸೋದು, ಎಸರು ಕಾಸೋದು ಜೋಡಿಲೇ ನಡೀತಾವ. ಆದ್ರ ಇವೆರಡೂ ಮುಗಿಯೋ ತನಕ ಹಿಟ್ಟು ನಾದಾಕ ಬರೋದಿಲ್ಲ. ನಾದದೆ ಬಡಿಯಾಕ ಬರೋದಿಲ್ಲ. ಒಂದೊಂದು ಬಾಣ ಅಂದ್ರ ಒಂದೊಂದು ಕೆಲಸ. ವೃತ್ತ ಅಂದ್ರ ಹಿಂದಿನ ಕೆಲಸ ಮುಗೀತು, ಇನ್ನ ಮುಂದಿಂದು ಸುರು ಮಾಡಬಹುದು ಅಂತ. ಈ ಕೆಂಪು ಬಾಣಗಳ ಹಾದಿ ಅದಲ್ಲ, ಎಲ್ಲಕ್ಕಿಂತ ಉದ್ದಂದು. ಇದರಾಗ ಒಂದು ಕೆಲಸ ತಡ ಆದ್ರ ಇಡೀ ಕಟ್ಟಡ ತಡ. ಉಳಿದವಕ್ಕ ಒಂದೀಟು ಬಿಡುವು ಇರ್ತದ.”

ಕೆಂಪು ಹಾದಿ ಹಾಲಿನ ಮೂಲಕ ಹೋಗುತ್ತಿತ್ತು. ಹಾಲಿನ ಕಂಬ ಬಿಚ್ಚದೆ ಒಳಗೆ ಗೋಡೆಗೆ ಗಿಲಾವು ಇಲ್ಲ, ನೆಲಕ್ಕೆ ಫರಸಿ ಇಲ್ಲ, ಬಣ್ಣ ಇಲ್ಲ. ಪೋರ್ಚಿನಿಂದ ಹೊರಟ ಬಾಣ ಮಾತ್ರ ಕಪ್ಪು. ಅದು ಎಲ್ಲೂ ನಿಲ್ಲದೆ ನೇರವಾಗಿ ಕಟ್ಟಡದ ಕೊನೆಯ ವೃತ್ತಕ್ಕೆ ಹೋಗಿ ಸೇರುತ್ತಿತ್ತು. ಮೇಡಂ ಒಂದು ಬಾಣದ ಮೇಲೆ ಬೆರಳಿಟ್ಟರು. ಅದರ ಮೇಲೆ ‘ಹಾಲ್ ಮತ್ತು ಪೋರ್ಚ್ ಸ್ಲ್ಯಾಬ್’ ಎಂದು ಬರೆದಿತ್ತು.

“ಸಂಘರತ್ನ, ಎರಡೂ ಒಂದೇ ದಿವಸ ಹಾಕಿದ್ರೇನು?”

“ಇಲ್ರಿ ಮೇಡಂ. ಪೋರ್ಚಿನ ಸರಳು ಬರೋದು ತಡ ಆಯ್ತು. ಹಾಲ್ ಮೊದಲು ಹಾಕಿದ್ವಿ. ಪೋರ್ಚು ಅದಾಗಿ ಭಾಳ ದಿವಸ ಬಿಟ್ಟು ಹಾಕಿದ್ದು.”

ಅಷ್ಟರಲ್ಲಿ ಗುತ್ತೇದಾರ ಬಸವಣಪ್ಪ ಬಂದ. ದಪ್ಪ ಮೈ, ಅದಕ್ಕಿಂತ ದಪ್ಪ ಧ್ವನಿ. “ಆ ಪಾಷಾಗ ನಾ ಮೊದ್ಲೇ ಹೇಳಿದ್ದೆ, ಕೆಲಸ ನಿಧಾನ ಆಗಾಕತ್ತದ, ಕಂಬ ಜಲ್ದಿ ಬಿಚ್ಚು, ಒಳಗ ಗಿಲಾವು ಸುರು ಮಾಡಬೇಕು ಅಂತ! ಹಾಂಗಂತ ಹಸಿ ಪೋರ್ಚಿನ ಕಂಬ ಕೀಳು ಅಂದಿದ್ನೇನು ನಾ? ಲಗ್ನದ ಸುಗ್ಗಿ, ಮನಿಮನಿಗೂ ಹೊಸಾ ಕೋಣಿ ಏಳಾಕತ್ತಾವ, ಎಲ್ಲಿ ಕೇಳಿದ್ರೂ ಒಂದು ಕಂಬ ಬಾಡಿಗಿ ಸಿಗವಲ್ದು. ಬ್ಯಾರೆ ಕಡೆ ಕೊಟ್ಟು ರೊಕ್ಕ ಮಾಡಿಕೊಂಡಿರ್ಬೇಕು!”

ಇವನೇ ಇರಬೇಕು ಎಂದು ನರಸಿಂಗ ಆಗಲೇ ತೀರ್ಮಾನ ಮಾಡಿಬಿಟ್ಟ. ಅವಸರ ಇದ್ದದ್ದೂ ಇವನಿಗೆ, ಠಾಣೆಗೆ ಹೋಗಿ ಹೆದರಿಸಿದ್ದೂ ಇವನೇ. ಹೊರಗೆ ಬಂದ ಮೇಲೆ ಹಾಗೆಂದು ಹೇಳಿಯೂ ಹೇಳಿದ. ಮೇಡಂ, ಆಟೋ ಹಿಡಿದು ಮಾಣಿಕನಗರಕ್ಕೆ ನಡೆಯಿರಿ ಎಂದರು.

ಖುರ್ಷೀದಳ ಮನೆ ಅಲ್ಲಿನ ಮಠದಿಂದ ಸ್ವಲ್ಪ ಆಚೆಗೆ. ಅಂಗಳದ ಬದಿಯಲ್ಲಿ ಹೊಸದೊಂದು ಕೋಣೆ ಏಳುತ್ತಿತ್ತು. ಅದರ ಸ್ಲ್ಯಾಬಿನ ಮೇಲೆ ಇಪ್ಪತ್ತರ ಹರೆಯದ ಹುಡುಗನೊಬ್ಬ ಪೈಪು ಹಿಡಿದು ನೀರು ಬಿಡುತ್ತಿದ್ದ. ಇವರನ್ನು ನೋಡಿ ಸಲಾಂ ಮಾಡಿದ, ಕೆಳಗೆ ಇಳಿದು ಬರಲಿಲ್ಲ.

“ನನ್ನ ಮಗಾ, ಏಜಾಜ್” ಎಂದಳು ಖುರ್ಷೀದ್, ಚಹಾದ ಕಪ್ಪು ಮುಂದಿಡುತ್ತ. “ನಿನ್ನೆ ಅಪ್ಪಗ ಡಬ್ಬಿ ಒಯ್ದು ಬಂದಾವ, ಆಗಿಂದ ಒಂದು ತುತ್ತು ಬಾಯಿಗಿ ಹಾಕಿಲ್ರಿ. ಐಟಿಐ ಕಲ್ತಾನ. ಆ ಶೆಡ್ಡಿನ ಗೋಡೆ ಮ್ಯಾಲಿನ ನಕ್ಷೆ ಅದಲ್ಲ, ಅದನ್ನ ಅಪ್ಪಗ ಓದಿ ಹೇಳೋನು ಇವನೇ. ಇವರಪ್ಪಗ ಅದೇ ಒಂದು ಅಭಿಮಾನ.”

ಸ್ಲ್ಯಾಬಿನ ದಿನ ಕೂಲಿಗಳಿಗೆ ಊಟ ಹಾಕುವುದು ಈ ಕಡೆಯ ರೂಢಿ. ಮೇಡಂ ಮಾತಿನ ನಡುವೆ ಅದನ್ನೇ ಎತ್ತಿದರು. “ಪೋರ್ಚು ಹಾಕಿದ ದಿವಸಾನೂ ಊಟ ಆಗಿತ್ತೇನು?”

“ಆಗಿತ್ತಲ್ರೀ! ಸಾವ್ಕಾರ್ರು ಒಂದು ಸಲ ಹಾಕೇನಿ, ಎಷ್ಟು ಸಲ ಹಾಕಲಿ ಅಂದ್ರು. ಅದಕ್ಕ ನಾನೇ ದೊಡ್ಡ ದೇಗ್ ಒಲಿಗೆ ಏರಿಸಿ ಎಲ್ಲಾರಿಗೂ ಅಡಗಿ ಮಾಡಿ ಸೈಟಿಗೆ ಒಯ್ದಿದ್ದೆ. ಆ ದ್ರೌಪತಿ, ಪಾಪ, ಕೈ ತೊಳಕೊಂಡು ಬಂದು ಛಲೋ ಆಗ್ಯದ ಅಕ್ಕಾ ಅಂತ ಹೇಳಿ ಹೋದಳು.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ಮಗಗಷ್ಟೇ ಸಿಗಲಿಲ್ಲ. ನಿಕಾಹದ ಬಟ್ಟಿ ತರಾಕ ಹೈದರಾಬಾದಿಗೆ ಹೋಗಿದ್ದ. ಅಲ್ಲೇ ನಮ್ಮ ಅಣ್ಣನ ಮನ್ಯಾಗ ಉಳಕೊಂಡು, ಮೊನ್ನೆ ಸಂತಿ ದಿವಸ ಬಂದಾನ.”

ಮೇಡಂ ಕಪ್ಪನ್ನು ಕೆಳಗಿಟ್ಟರು. ಅರ್ಧ ಚಹಾ ಅದರಲ್ಲೇ ಉಳಿದಿತ್ತು. “ಈ ಕೋಣಿ ಸ್ಲ್ಯಾಬು ಯಾವಾಗ ಹಾಕಿದ್ರಿ, ಖುರ್ಷೀದ್?”

“ನಿನ್ನೆ ಮುಂಜಾನಿ ಹೊತ್ತು ಏರೋದ್ರಾಗ. ಅತ್ತ ಸುದ್ದಿ ಬರೋದ್ರಾಗ ಇತ್ತ ಮುಗಿದಿತ್ತು. ವರನ ಕಡೆಯವರು ಬರೋದ್ರಾಗ ತಲಿ ಮ್ಯಾಲೊಂದು ಸೂರು ಆಗಲಿ ಬೇಟಾ, ಹ್ಯಾಂಗಾರ ಮಾಡು ಅಂತ ಫೋನಿನ್ಯಾಗ ಇವನ ಬೆನ್ನು ಹತ್ತಿದ್ದೆ. ಪಾಪ, ಬಂದವನೇ ಎಲ್ಲಿಂದೋ ಕಂಬ ತಂದು, ರಾತ್ರಿಯೆಲ್ಲಾ ಕಷ್ಟಪಟ್ಟು ಸೆಂಟ್ರಿಂಗ್ ಮಾಡಿದಾ.”

ನರಸಿಂಗ ಆ ಕೋಣೆಯ ಕೆಳಗೆ ಬಗ್ಗಿ ನೋಡಿದ. ಕಂಬಗಳು ಒತ್ತೊತ್ತಾಗಿ ನಿಂತಿದ್ದವು. ಅವನ ತಲೆಯಲ್ಲಿ ಏನೋ ಹೊಳೆಯಿತು. ಹೊಳೆದದ್ದು ಬೇಡವಾಗಿತ್ತು ಎನ್ನಿಸಿತು.

ಬೀದಿಗೆ ಬಂದ ಮೇಲೆ ಮೇಡಂ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು. “ಈ ಕೆಲಸಾ ಹಿಡೀಬಾರದಿತ್ತು ನರಸಿಂಗಣ್ಣಾ.”

“ಬಿಟ್ಟುಬಿಡೋಣ್ರಿ. ಬಸ್ ಅದ, ಹೋಗೋಣ. ಗೊತ್ತಾಗಲಿಲ್ಲ ಅಂದ್ರಾಯ್ತು.”

“ತಪ್ಪು ಮಾಡದಾವ ಒಳಗ ಕೂತಾನ. ಅಲ್ಲಿ ದುಬಲಗುಂಡ್ಯಾಗ ಒಂದು ಮನಿ ಹಾಳಾಗ್ಯದ. ಹ್ಯಾಂಗ ಬಿಡಲಿ?”

ಮೇಡಂ ಎದ್ದು ಮತ್ತೆ ಖುರ್ಷೀದಳ ಬಾಗಿಲಿಗೆ ಹೋದರು. “ನಾ ಇಲ್ಲಿಗೇ ನಿಲ್ಲಸಲೇನವ್ವಾ? ಇನ್ನೊಮ್ಮೆ ವಿಚಾರ ಮಾಡಿ ಹೇಳು” ಎಂದು ಕೇಳಿದರು. ಅವಳು ಅರ್ಥವಾಗದೆ ನೋಡಿದಳು. “ಯಾರೇ ಇರಲಿ ಆಪಾ, ಎಂಥಾ ದೊಡ್ಡ ಮನುಷ್ಯಾನೇ ಇರಲಿ, ಹೆದರಬ್ಯಾಡ್ರಿ. ಎಲ್ಲಾರ ಮುಂದ ಹೆಸರು ಹೇಳ್ರಿ” ಎಂದಳು. ಅವಳ ಮನಸ್ಸಿನಲ್ಲಿ ಬಸವಣಪ್ಪ ಇದ್ದ. ಮೇಡಂ ತಿರುಗಿ ಬಂದರು.

ಮರುದಿನ ಮಧ್ಯಾಹ್ನ ಎಲ್ಲರೂ ಸೈಟಿನ ಶೆಡ್ಡಿನಲ್ಲಿ ಸೇರಿದರು. ಸಬ್ ಇನ್‌ಸ್ಪೆಕ್ಟರ್ ಗೋವರ್ಧನ ಪೀರ್ ಪಾಷಾನನ್ನು ಜೀಪಿನಲ್ಲಿ ಕರೆತಂದು, ಒಬ್ಬ ಪೊಲೀಸನ ಜೊತೆ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದ. ಒಳಗೆ ಬಸವಣಪ್ಪ, ಸಂಘರತ್ನ, ಖುರ್ಷೀದ್, ಏಜಾಜ್. ತಗಡು ಕಾದು ಎಲ್ಲರಿಗೂ ಬೆವರಿಳಿಯುತ್ತಿತ್ತು. ನರಸಿಂಗ ಬಾಗಿಲ ಹತ್ತಿರ ನಿಂತ, ಓಡಿಹೋಗಬೇಕೆನ್ನಿಸುತ್ತಿತ್ತು.

“ಪೀರ್ ಪಾಷಾ ಕಂಬ ಕಿತ್ತಿಲ್ಲ” ಎಂದು ಮೇಡಂ ಶುರು ಮಾಡಿದರು. “ಕಂಬ ಕಿತ್ತದ್ದು ಯಾಕ ಅಂತ ಮೊದ್ಲು ನೋಡೋಣ. ಕೆಲಸಾ ಮುಂದ ಓಡಸಾಕ ಅಂತೀರೇನು? ಹಂಗಿದ್ರ ಹಾಲಿನ ಕಂಬ ಕೀಳಬೇಕಿತ್ತು. ಈ ಕೆಂಪು ಹಾದಿ ನೋಡ್ರಿ, ಗಿಲಾವು, ಫರಸಿ, ಎಲ್ಲಾ ಹಾಲಿಗಾಗಿ ಕಾಯಾಕತ್ತಾವ. ಪೋರ್ಚಿಗಾಗಿ ಒಂದು ಕೆಲಸಾನೂ ಕಾಯಾಕತ್ತಿಲ್ಲ. ಅವಸರ ಇದ್ದಾವ ಪೋರ್ಚಿನ ಗೊಡವಿಗೇ ಹೋಗೋದಿಲ್ಲ. ಹಿಂಗಾಗಿ ಬಸವಣಪ್ಪನವರನ್ನ ಬಿಡ್ರಿ.”

ಬಸವಣಪ್ಪ ದೊಡ್ಡದಾಗಿ ಉಸಿರು ಬಿಟ್ಟ.

“ಅಂದ್ರ ಕಿತ್ತವಗ ಕಟ್ಟಡದ ಕೆಲಸ ಬೇಕಿರಲಿಲ್ಲ, ಕಂಬ ಬೇಕಿದ್ವು. ಹಾಂಗಾದ್ರ ಪೋರ್ಚಿಂದೇ ಯಾಕ? ಅದು ರಸ್ತೆಗೆ ಹತ್ತಿರ, ಟೆಂಪೋ ಹಚ್ಚಿ ಏರಸಾಕ ಸಲೀಸು. ಆದ್ರ ಪೋರ್ಚು ಹಸಿ ಅದ ಅಂತ ಗೊತ್ತಿದ್ದಾವ ಸಲೀಸು ಅಂತ ಕೈ ಹಚ್ತಾನೇನು? ದೂರ ಆದ್ರೂ ಹಾಲಿಂದೇ ಒಯ್ತಾನ. ಇಲ್ಲಿ ದುಡಿಯೋ ಪ್ರತಿಯೊಬ್ರಿಗೂ ಪೋರ್ಚು ತಡ ಆಗಿದ್ದು ಗೊತ್ತದ, ಎಲ್ಲಾರೂ ಆ ದಿವಸ ಊಟಕ್ಕ ಕೂತವರೇ. ಕಿತ್ತವಗ ಅದೊಂದೇ ಗೊತ್ತಿರಲಿಲ್ಲ. ಅವಗ ಗೊತ್ತಿದ್ದದ್ದು ಈ ಗೋಡೆ. ಗೋಡೆ ಮ್ಯಾಲೆ ಏನದ? ಹಾಲ್, ಪೋರ್ಚ್, ಎರಡಕ್ಕೂ ಒಂದೇ ಬಾಣ. ಮುಂದ, ಕಂಬ ಬಿಚ್ಚಬಹುದು ಅಂತ ಒಂದೇ ವೃತ್ತ.”

ಸಂಘರತ್ನ ತಲೆ ತಗ್ಗಿಸಿದ.

“ನೀ ಯಾಕ ತಿದ್ದಲಿಲ್ಲ ಮಗಾ? ಕೆಲಸ ಹಿಂದ ಬಿದ್ದ ದಿವಸಾನೇ ಬಾಣ ಎರಡು ಮಾಡಬೇಕು ಅಂತ ಕಲ್ಸಿದ್ನೋ ಇಲ್ಲೋ?”

“ವಸತಿಗೃಹ ಕಟ್ಟಸಾಕತ್ತಿರೋ ಸಂಸ್ಥೆಯವರು ಬಂದು ನೋಡಿದ್ರ ತಡ ಆಗ್ಯದ ಅಂತಾರ ಅಂತ, ಮೇಡಂ. ಪೋರ್ಚಿಗೆ ಹ್ಯಾಂಗೂ ಬಿಡುವು ಇತ್ತು. ಅದರ ಮ್ಯಾಲೆ ಯಾವ ಕೆಲಸಾನೂ ನಿಂತಿರಲಿಲ್ಲ…” ಅವನು ಮುಖ ಒರೆಸಿಕೊಂಡ. “ಕೆಳಗ ಮನುಷ್ಯಾರು ನಿಲ್ತಾರ ಅನ್ನೋದು ತಲ್ಯಾಗ ಬರಲಿಲ್ರಿ.”

ಗೋವರ್ಧನ ಅವನನ್ನು ದುರುಗುಟ್ಟಿ ನೋಡಿ, “ನಿಮ್ಮ ಹೇಳಿಕಿನೂ ಬೇಕಾಗ್ತದ” ಎಂದ. “ಮುಂದ ಹೇಳ್ರಿ ಮೇಡಂ. ಕಿತ್ತಾವ ಯಾರು?”

ಮೇಡಂ ಖುರ್ಷೀದಳ ಕಡೆ ನೋಡಿದರು. “ಇಲ್ಲಿಗೇ ಸಾಕೇನು, ಸಾಹೇಬ್ರ? ಪಾಷಾ ನಿರಪರಾಧಿ ಅಂತ ಗೊತ್ತಾಯ್ತಲ್ಲ?”

“ಅವನೇ ಒಪ್ಪಿಕೊಂಡಾನಲ್ರಿ! ಹೆಸರಿಲ್ಲದೆ ಹ್ಯಾಂಗ ಬಿಡಲಿ?”

“ಹೇಳ್ರಿ ಆಪಾ!” ಖುರ್ಷೀದ್ ಒಂದು ಹೆಜ್ಜೆ ಮುಂದೆ ಬಂದಳು. “ಯಾರಿಗೆ ಅಂಜಾಕತ್ತೀರಿ?”

ಬೇಡ, ಹೇಳಬೇಡಿ ಎಂದು ನರಸಿಂಗನ ಬಾಯಿತನಕ ಬಂತು. ಮೇಡಂ ಮಾತ್ರ ನೆಲ ನೋಡುತ್ತ ಮೆಲ್ಲಗೆ ಹೇಳತೊಡಗಿದರು.

“ಕಿತ್ತಾವ ಕಸುಬುದಾರ. ಹಲಗಿ ಪೇರಿಸ್ಯಾನ, ಬೆಣಿ ಚೀಲಕ್ಕ ಹಾಕ್ಯಾನ, ಮೊಳಿ ನೆಟ್ಟಗ ಮಾಡ್ಯಾನ. ಅಂದ್ರ ಅವು ತನ್ನವೇ ಸಾಮಾನು ಅಂತ ಜ್ವಾಕಿ ಮಾಡ್ಯಾನ. ನಕ್ಷೆ ಓದಾಕ ಬರ್ತದ. ಪೋರ್ಚು ಹಾಕಿದ ದಿವಸ ಊರಾಗ ಇರಲಿಲ್ಲ. ಡಬ್ಬಿ ಒಯ್ದು ಠಾಣೆದಾಗ ಅಪ್ಪನ್ನ ಭೇಟಿ ಆದಾನ. ಆಮ್ಯಾಲೇ ಪಾಷಾ ಮಾತು ಬದಲಿಸ್ಯಾನ. ಮತ್ತ ಕಂಬ ಇಲ್ಲದೆ ಯಾವ ಸ್ಲ್ಯಾಬೂ ಸುರು ಆಗೋದಿಲ್ಲ. ಲಗ್ನದ ಸುಗ್ಗ್ಯಾಗ ಬಾಡಿಗಿಗೆ ಒಂದು ಕಂಬ ಸಿಗಲಾರದಾಗ, ಮೊನ್ನೆ ಹಾಕಿದ ನಿಮ್ಮ ಮನಿ ಸ್ಲ್ಯಾಬು ಯಾವ ಕಂಬದ ಮ್ಯಾಲೆ ನಿಂತದ, ಖುರ್ಷೀದ್?”

ಖುರ್ಷೀದ್ ಮೊದಲು ನಕ್ಕಂತೆ ಮಾಡಿದಳು. ಆಮೇಲೆ ಮಗನ ಕಡೆ ತಿರುಗಿದಳು.

“ಬಲಿತದ ಅಂತ ತಿಳಿದಿದ್ದೆ ಅಮ್ಮೀ” ಎಂದ ಏಜಾಜ್. ಗೋಡೆಗೆ ಬೆನ್ನು ಹಚ್ಚಿ ಜಾರಿ ಕೂತುಬಿಟ್ಟ. “ಖುದಾ ಕಸಂ. ನಕ್ಷೆ ನೋಡಿದೆ, ಬಿಚ್ಚೋ ದಿವಸ ದಾಟಿತ್ತು. ಅಬ್ಬಾ ಹ್ಯಾಂಗೂ ಮರುದಿವಸ ಬಿಚ್ಚೋರೇ ಅಂತ ತಿಳಕೊಂಡೆ. ಫೋನ್ ಮಾಡಿದ್ರ ಹತ್ತಲಿಲ್ಲ. ನೀ ಜಲ್ದಿ ಅಂದಿದ್ದಿ… ನಾ ಹೋಗಿ ಹೇಳ್ತೀನಿ ಅಂದ್ರ ಅಬ್ಬಾ ಠಾಣೆದಾಗ ನನ್ನ ಕಾಲು ಹಿಡಿದ್ರು. ಸುಮ್ಮನಿರು, ನಂದು ಮುಗಿದದ, ನಿಂದು ಸುರು ಆಗೋದದ ಅಂದ್ರು.”

ಅವನು ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಾಗ ನರಸಿಂಗ ಓಡಿಹೋಗಿ ಹಿಡಿದುಕೊಂಡ. ಎಳೆಯ ಮೈ, ಜ್ವರ ಬಂದಂತೆ ಸುಡುತ್ತಿತ್ತು. ಇವನನ್ನು ಹಿಡಿದುಕೊಂಡು ತಾನೇನು ಮಾಡಬಲ್ಲೆ ಎಂದು ನರಸಿಂಗನಿಗೆ ಅಳು ಬಂತು, ಅತ್ತೂ ಬಿಟ್ಟ.

ಗೋವರ್ಧನ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡ. “ಆ ಕಂಬಗಳನ್ನ ಜಪ್ತಿ ಮಾಡಬೇಕಾಗ್ತದ.”

“ಈಗ ತಗದ್ರ ಅದೂ ಬೀಳ್ತದ” ಎಂದರು ಮೇಡಂ.

“ಮತ್ತೇನು ಮಾಡಬೇಕ್ರಿ?”

“ಕಾಯಬೇಕು. ಬಲಿಯೋ ತನಕ ಅವು ಅಲ್ಲೇ ಇರಬೇಕು.”

ಗೋವರ್ಧನ ಹೊರಗೆ ಹೋಗಿ ಪೊಲೀಸನಿಗೆ ಸನ್ನೆ ಮಾಡಿದ. ಪೀರ್ ಪಾಷಾ ಒಳಗೆ ಬಂದ. ಬಿಳಿ ಗಡ್ಡದ, ಬಡಕಲು ಮನುಷ್ಯ. ನೆಲದ ಮೇಲೆ ಕೂತ ಮಗನನ್ನು ನೋಡಿದ, ಅಳುತ್ತಿದ್ದ ನರಸಿಂಗನನ್ನು ನೋಡಿದ. ಎಲ್ಲ ತಿಳಿದುಹೋಯಿತು.

“ನೀವು ಮನಿಗೆ ಹೋಗಬಹುದು, ಪಾಷಾ” ಎಂದ ಗೋವರ್ಧನ. “ಸುಳ್ಳು ಹೇಳಿಕಿ ಕೊಟ್ಟದ್ದು ಆಮ್ಯಾಲೆ ನೋಡೋಣ.”

ಪೀರ್ ಪಾಷಾ ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ನೆಟ್ಟಗೆ ಗಜಾಲಾ ಮೇಡಮ್ಮರ ಮುಂದೆ ಹೋಗಿ ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ನಾ ಒಪ್ಪಿಕೊಂಡಿದ್ದೆ. ಎಲ್ಲಾ ಮುಗಿದಿತ್ತು. ಇದನ್ನ ಹುಡುಕಿ ತಗೀರಿ ಅಂತ ನಿಮಗ ಯಾರು ಹೇಳಿದ್ರು, ಮೇಡಂ?”

ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನಾ ಹೇಳಿದ್ದೆ” ಎಂದಳು ಖುರ್ಷೀದ್ ಬೇಗಂ.